ಹೋಲೋಗ್ರಾಂ ಯಾಕೆ ಮಬ್ಬಾಗುತ್ತದೆ? ಫೋಟೊಪಾಲಿಮರ್ ಪದರದೊಳಗಿನ ಬೆಳಕಿನ ಗದ್ದಲ

ವಿಶಾಖಪಟ್ಟಣದ ಮಧುರವಾಡದಿಂದ ಮಾತಾಡ್ತಾ ಇದ್ದೀನಿ. ವಿಡಿಯೋ ನೋಡೋಕೆ ಆಗದವರಿಗೆ, ನಿಧಾನವಾಗಿ ಓದಿ ಅರ್ಥ ಮಾಡಿಕೊಳ್ಳೋರಿಗೆ ಅಂತ ಈ ಬರಹ. ಮಾತಿನಲ್ಲಿ ಬಂದದ್ದನ್ನು ಹೆಚ್ಚು ಬದಲಾಯಿಸಿಲ್ಲ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಮಾತ್ರ ಇಲ್ಲಿ ವಾಕ್ಯಗಳಾಗಿ ಬರೆದಿದ್ದೇನೆ.

ಇವತ್ತಿನ ವಿಷಯ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ಎಂ.ಎಸ್ಸಿ. ಪ್ರಾಜೆಕ್ಟ್ ಮಾಡ್ತಿರೋ ಒಬ್ಬ ಹುಡುಗಿ ಕೇಳಿದ್ದು: "ಸರ್, ನನ್ನ ಫಿಲ್ಮಿನ ದಕ್ಷತೆ 90% ಬಂದಿದೆ. ಆದರೆ ಹೋಲೋಗ್ರಾಂ ನೋಡಿದರೆ ಹಾಲು ಬೆರೆಸಿದ ನೀರಿನ ಥರ ಇದೆ. ರಿಪೋರ್ಟಿನಲ್ಲಿ 90 ಅಂತ ಬರೆಯಬಹುದಾ?" ಇದು ಬರೀ ಅವಳ ಪ್ರಶ್ನೆ ಅಲ್ಲ. ಈ ಕೆಲಸ ಮಾಡೋ ಹೆಚ್ಚಿನವರಿಗೆ ಒಂದಲ್ಲ ಒಂದು ದಿನ ಎದುರಾಗೋ ಪ್ರಶ್ನೆ. ಉತ್ತರ ಕೊನೆಗೆ ಹೇಳ್ತೀನಿ, ಯಾಕಂದ್ರೆ ಅದಕ್ಕೆ ಮೊದಲು ಆ ಹಾಲಿನ ಬಣ್ಣ ಎಲ್ಲಿಂದ ಬಂತು ಅಂತ ಗೊತ್ತಾಗಬೇಕು.

ಮೊದಲು ಪದರದೊಳಗೆ ಏನಾಗುತ್ತದೆ ನೋಡೋಣ

ಹೋಲೋಗ್ರಾಂ ಅಂದರೆ ಎರಡು ಲೇಸರ್ ಕಿರಣಗಳು ಒಂದರ ಮೇಲೊಂದು ಬಿದ್ದಾಗ ಆಗುವ ಬೆಳಕು-ಕತ್ತಲೆಯ ಪಟ್ಟಿಗಳನ್ನು ಒಂದು ಪದರದಲ್ಲಿ ಉಳಿಸಿಕೊಳ್ಳುವುದು. ಡೆನ್ನಿಸ್ ಗಾಬೋರ್ 1948ರಲ್ಲಿ ಈ ವಿಚಾರ ಪ್ರಕಟಿಸಿದರು, 1971ರಲ್ಲಿ ಅದಕ್ಕೆ ನೊಬೆಲ್ ಬಂತು. ಮೊದಮೊದಲು ಇದಕ್ಕೆ ಬಳಸ್ತಿದ್ದದ್ದು ಫೋಟೋ ಪ್ಲೇಟಿನಂಥ ಬೆಳ್ಳಿ ಲವಣದ ಪದರ. ಅದರಲ್ಲಿ ಕಣಗಳಿರುತ್ತವೆ. ಕಣ ಇದ್ದಲ್ಲಿ ಬೆಳಕು ಚದುರಲೇಬೇಕು. ಜೊತೆಗೆ ಡೆವಲಪ್ ಮಾಡಬೇಕು, ತೊಳೀಬೇಕು, ಒಣಗಿಸಬೇಕು.

1969ರಲ್ಲಿ ಅಮೆರಿಕದ ಹ್ಯೂಸ್ ಪ್ರಯೋಗಾಲಯದ ಕ್ಲೋಸ್ ಮತ್ತು ಸಂಗಡಿಗರು ಫೋಟೊಪಾಲಿಮರ್‌ನಲ್ಲಿ ಹೋಲೋಗ್ರಾಂ ದಾಖಲಿಸಿ ತೋರಿಸಿದರು. ಇದರಲ್ಲಿ ಬೆಳ್ಳಿಯ ಕಣವೇ ಇಲ್ಲ. ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿ ಸುಲಭವಾಗಿ ಮಾಡಬಹುದಾದ ಬಗೆ ಅಂದ್ರೆ ಇದು: ಪಾಲಿವಿನೈಲ್ ಆಲ್ಕೋಹಾಲ್ ಅನ್ನೋ ನೀರಿನಲ್ಲಿ ಕರಗುವ ಅಂಟು, ಅದರಲ್ಲಿ ಅಕ್ರಿಲಮೈಡ್ ಅನ್ನೋ ಮಾನೋಮರ್, ಟ್ರೈಎಥನಾಲಮೀನ್, ಜೊತೆಗೆ ಬೆಳಕು ಹೀರೋಕೆ ಮಿಥಿಲೀನ್ ಬ್ಲೂ ಥರದ ಒಂದು ಬಣ್ಣ. ಗಾಜಿನ ಮೇಲೆ ಸುರಿದು ಒಣಗಿಸಿದರೆ ಪದರ ಸಿದ್ಧ. ನಮ್ಮ ನೆರೆಯ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಸಿ. ಸುಧಾ ಕಾರ್ತ ಅವರ ತಂಡ ಮಿಥಿಲೀನ್ ಬ್ಲೂ ಬೆರೆಸಿದ ಇಂಥ ಪದರಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಆದ್ದರಿಂದ ಇದು ಎಲ್ಲೋ ದೂರದ ವಿದ್ಯೆ ಅಂದುಕೊಳ್ಳಬೇಡಿ.

ಬೆಳಕು ಬಿದ್ದ ಪಟ್ಟಿಯಲ್ಲಿ ಬಣ್ಣ ಬೆಳಕು ಹೀರಿ ಮಾನೋಮರನ್ನು ಪಾಲಿಮರ್ ಮಾಡಿಸುತ್ತದೆ. ಅಲ್ಲಿ ಮಾನೋಮರ್ ಖರ್ಚಾದಂತೆ ಕತ್ತಲೆ ಪಟ್ಟಿಯಿಂದ ಹೊಸ ಮಾನೋಮರ್ ಹರಿದು ಬರುತ್ತದೆ. ಕೊನೆಗೆ ಬೆಳಕಿದ್ದ ಕಡೆ ವಕ್ರೀಭವನ ಸೂಚ್ಯಂಕ ಸ್ವಲ್ಪ ಹೆಚ್ಚು, ಕತ್ತಲಿದ್ದ ಕಡೆ ಸ್ವಲ್ಪ ಕಡಿಮೆ. ಇದೇ ಗ್ರೇಟಿಂಗ್. ಎಷ್ಟು ಸ್ವಲ್ಪ? ಕೋಗೆಲ್ನಿಕ್ 1969ರಲ್ಲಿ ಕೊಟ್ಟ ಸೂತ್ರದಲ್ಲಿ 633 ನ್ಯಾನೋಮೀಟರ್ ಕೆಂಪು ಬೆಳಕು, 100 ಮೈಕ್ರೋಮೀಟರ್ ದಪ್ಪದ ಪದರ ಹಾಕಿ ನೋಡಿ. ಬಿದ್ದ ಬೆಳಕೆಲ್ಲ ತಿರುಗಿ ಹೋಗೋಕೆ ಸೂಚ್ಯಂಕದಲ್ಲಿ 0.003ರಷ್ಟು ಏರಿಳಿತ ಸಾಕು.

ಇಲ್ಲೇ ಸಮಸ್ಯೆಯ ಬೇರು ಇರೋದು. ನಮಗೆ ಬೇಕಾದ ಏರಿಳಿತವೇ ಇಷ್ಟು ಚಿಕ್ಕದು. ಹಾಗಿದ್ದಾಗ ಪದರದಲ್ಲಿ ತಾನೇ ತಾನಾಗಿ ಇರುವ ಅಡ್ಡಾದಿಡ್ಡಿ ಏರಿಳಿತ ಅದರ ಹತ್ತನೇ ಒಂದು ಪಾಲಿದ್ದರೂ ಬೆಳಕಿಗೆ ಅದು ಕಾಣುತ್ತದೆ.

ಗದ್ದಲ ಎರಡು ಬಗೆ

ಫಿಲ್ಮ್ ಮಬ್ಬಾಗಿದೆ ಅಂದ ಕೂಡಲೇ "ಧೂಳು ಬಿದ್ದಿರಬೇಕು" ಅನ್ನೋರೇ ಹೆಚ್ಚು. ಧೂಳೂ ಇರಬಹುದು. ಆದರೆ ಗದ್ದಲದಲ್ಲಿ ಎರಡು ಬೇರೆ ಬೇರೆ ಬಗೆ ಇವೆ. ಎರಡಕ್ಕೂ ಮದ್ದು ಬೇರೆ.

ಒಂದನೆಯದು ಹುಟ್ಟಿನಿಂದ ಬಂದದ್ದು. ಅಂಟು ಪೂರ್ತಿ ಕರಗದೆ ಉಳಿದ ಗಂಟು, ಸಣ್ಣ ಗುಳ್ಳೆ, ಬಣ್ಣದ ಅಣುಗಳು ಗುಂಪುಗೂಡಿದ್ದು, ಮೇಲ್ಮೈಯ ಉಬ್ಬುತಗ್ಗು, ಪದರ ಅತಿಯಾಗಿ ಒಣಗಿದಾಗ ಬಿಳಿಯಾಗಿ ಹರಳುಗಟ್ಟಿದ ಅಕ್ರಿಲಮೈಡ್. ಇವು ಲೇಸರ್ ಹಾಕೋಕೆ ಮುಂಚೆಯೇ ಅಲ್ಲಿರುತ್ತವೆ.

ಬೆಳಕಿನ ಅಲೆಗಿಂತ ತುಂಬಾ ಚಿಕ್ಕ ಕಣಗಳಾದರೆ ರೇಲೀ ನಿಯಮ ಅನ್ವಯವಾಗುತ್ತದೆ. ಆಕಾಶ ಯಾಕೆ ನೀಲಿ ಅಂತ ಹೈಸ್ಕೂಲಿನಲ್ಲಿ ಓದಿದ್ದೀರಲ್ಲ, ಅದೇ. ತರಂಗಾಂತರ ಕಡಿಮೆಯಾದಂತೆ ಚದುರುವಿಕೆ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. 633ರ ಕೆಂಪಿನ ಬದಲು 532ರ ಹಸಿರು ಬಳಸಿದರೆ ಎರಡು ಪಟ್ಟು. 405ರ ನೇರಳೆ ಬಳಸಿದರೆ ಸುಮಾರು ಆರು ಪಟ್ಟು. ಪದರ ಅದೇ, ಕಣಗಳೂ ಅವೇ!

ಕಣದ ಗಾತ್ರದ ಲೆಕ್ಕ ಇನ್ನೂ ಗಟ್ಟಿ. ಒಂದು ಕಣದ ಅಗಲ ಎರಡು ಪಟ್ಟಾದರೆ ಅದು ಚದುರಿಸುವ ಬೆಳಕು 64 ಪಟ್ಟು. ಅಷ್ಟೇ ತೂಕದ ವಸ್ತುವನ್ನು ಎರಡು ಪಟ್ಟು ದೊಡ್ಡ ಕಣಗಳಾಗಿ ಹಾಕಿದರೆ ಒಟ್ಟು ಚದುರುವಿಕೆ 8 ಪಟ್ಟು. ಜಪಾನಿನ ಟೊಮಿಟಾ ಅವರ ತಂಡದ ಕೆಲಸ ಇದಕ್ಕೆ ಒಳ್ಳೆ ಉದಾಹರಣೆ. ಅವರು 2002ರಲ್ಲಿ ಟೈಟಾನಿಯಂ ಡೈಆಕ್ಸೈಡಿನ ನ್ಯಾನೋಕಣಗಳನ್ನು ಫೋಟೊಪಾಲಿಮರ್‌ಗೆ ಬೆರೆಸಿ ಗ್ರೇಟಿಂಗನ್ನು ಬಲಪಡಿಸಿದರು. ಸೂಚ್ಯಂಕ ಹೆಚ್ಚಿರೋ ಕಣ, ಹಾಗಾಗಿ ಗ್ರೇಟಿಂಗಿಗೆ ಬಲ. ಆದರೆ ಅದೇ ಕಾರಣಕ್ಕೆ ಚದುರುವಿಕೆಯೂ ಬರುತ್ತದೆ. 2004ರಲ್ಲಿ ಅವರು ಸಿಲಿಕಾ ಕಣಗಳ ಕಡೆಗೆ ಹೋದರು. ಸಿಲಿಕಾದ ಸೂಚ್ಯಂಕ ಪಾಲಿಮರಿನ ಹತ್ತಿರದ್ದು, ಪದರ ಹೆಚ್ಚು ತಿಳಿ. ಬಲ ಕೊಡೋದೇ ಮಬ್ಬನ್ನೂ ತರುತ್ತದೆ ಅನ್ನೋದು ಈ ವಿಷಯದಲ್ಲಿ ಮತ್ತೆ ಮತ್ತೆ ಕಾಣೋ ಮಾತು.

ಎರಡನೇ ಬಗೆ ಕಲಿತದ್ದು, ಅಂದರೆ ಲೇಸರ್ ಹಾಕಿದ ಮೇಲೆ ಹುಟ್ಟೋದು. ಇದೇ ಇವತ್ತಿನ ಮುಖ್ಯ ವಿಷಯ.

ನಾವು ಲೇಸರ್ ಹಾಕ್ತೀವಿ. ಮೊದಲ ಕ್ಷಣದಲ್ಲೇ ಒಂದಿಷ್ಟು ಬೆಳಕು ಆ ಗಂಟು, ಗುಳ್ಳೆಗಳಿಂದ ಅಕ್ಕಪಕ್ಕಕ್ಕೆ ಚದುರುತ್ತದೆ. ಈ ಚದುರಿದ ಬೆಳಕೂ ಅದೇ ಲೇಸರಿನ ಮಗು ತಾನೇ? ಆದ್ದರಿಂದ ಅದು ಮೂಲ ಕಿರಣದ ಜೊತೆ ಸೇರಿ ತನ್ನದೇ ಪಟ್ಟಿಗಳನ್ನು ಮಾಡುತ್ತದೆ. ಪದರಕ್ಕೆ ಇದು ನಮ್ಮ ಚಿತ್ರದ ಪಟ್ಟಿ, ಇದು ಕಸದ ಪಟ್ಟಿ ಅಂತ ಭೇದ ಗೊತ್ತಿಲ್ಲ. ಎಲ್ಲವನ್ನೂ ಬರೆದುಕೊಳ್ಳುತ್ತದೆ. ಹೀಗೆ ಹುಟ್ಟಿದ ಕಸದ ಗ್ರೇಟಿಂಗು ಮೂಲ ಕಿರಣದಿಂದ ಇನ್ನಷ್ಟು ಬೆಳಕನ್ನು ಅದೇ ದಿಕ್ಕಿಗೆ ತಿರುಗಿಸುತ್ತದೆ. ಆ ದಿಕ್ಕಿನ ಬೆಳಕು ಹೆಚ್ಚಾಯಿತು, ಪಟ್ಟಿ ಗಾಢವಾಯಿತು, ಗ್ರೇಟಿಂಗ್ ಇನ್ನೂ ಬಲವಾಯಿತು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ ಇದ್ದಂತೆ. ಸಂಶೋಧನಾ ಬರಹಗಳಲ್ಲಿ ಇದನ್ನು ನಾಯ್ಸ್ ಗ್ರೇಟಿಂಗ್, ಹೋಲೋಗ್ರಾಫಿಕ್ ಸ್ಕ್ಯಾಟರಿಂಗ್ ಅಂತ ಕರೀತಾರೆ.

1973ರಲ್ಲಿ ಮೊರಾನ್ ಮತ್ತು ಕಾಮಿನೋ ಅನ್ನೋರು ಅಕ್ರಿಲಿಕ್ ಹಾಳೆಯ ಪಾಲಿಮರಿನಲ್ಲಿ, ಅಂದರೆ ಪಾಲಿಮೀಥೈಲ್ ಮೆಥಾಕ್ರಿಲೇಟಿನಲ್ಲಿ, ಗ್ರೇಟಿಂಗ್ ದಾಖಲಿಸ್ತಿದ್ದಾಗ ಪರದೆಯ ಮೇಲೆ ಬೆಳಕಿನ ಎರಡು ಉಂಗುರಗಳು ಕಂಡವು. ಚಿತ್ರದಲ್ಲಿ ಉಂಗುರ ಇರಲಿಲ್ಲ, ವಸ್ತುವಿನಲ್ಲೂ ಇರಲಿಲ್ಲ. ಮರುವರ್ಷ ಫೋರ್ಶಾ ಅನ್ನೋರು ಕಾರಣ ವಿವರಿಸಿದರು. ಪದರದಲ್ಲಿ ಎಲ್ಲಾ ದಿಕ್ಕಿನ ಕಸದ ಗ್ರೇಟಿಂಗುಗಳು ಬರೆದಿವೆ. ಓದುವ ಕಿರಣ ಬಂದಾಗ ಅವುಗಳಲ್ಲಿ ಬ್ರಾಗ್ ನಿಯಮಕ್ಕೆ ಹೊಂದುವವು ಮಾತ್ರ ಬೆಳಗುತ್ತವೆ. ಹೊಂದುವ ದಿಕ್ಕುಗಳೆಲ್ಲ ಸೇರಿದರೆ ಶಂಕುವಿನ ಆಕಾರ, ಪರದೆಯ ಮೇಲೆ ಅದು ಉಂಗುರ.

ಬೆಂಗಳೂರಿನಲ್ಲಿ ಇದರ ತಳಪಾಯ

ನಾವು ಕನ್ನಡದಲ್ಲಿ ಮಾತಾಡ್ತಾ ಇದ್ದೀವಿ ಅಂದ ಮೇಲೆ ಇದನ್ನು ಹೇಳದೆ ಮುಂದೆ ಹೋಗೋದು ಸರಿಯಲ್ಲ. ಈ ಲೆಕ್ಕದ ಎರಡು ಮುಖ್ಯ ತುಂಡುಗಳು ಬೆಂಗಳೂರಿನಲ್ಲಿ ಹುಟ್ಟಿದವು, ಅದೂ ಲೇಸರ್ ಬರೋಕೆ ಮುಂಚೆ.

ಸಿ.ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯೋ ಜಾಗಕ್ಕೆ ನಿರ್ದೇಶಕರಾಗಿ ಬಂದರು. 1935-36ರಲ್ಲಿ ಅವರೂ ನಾಗೇಂದ್ರನಾಥ್ ಅವರೂ ಸೇರಿ, ಶ್ರವಣಾತೀತ ಶಬ್ದದ ಅಲೆಗಳು ಹರಿಯುವ ದ್ರವದಲ್ಲಿ ಬೆಳಕು ಹೇಗೆ ವಿವರ್ತನೆ ಹೊಂದುತ್ತದೆ ಅನ್ನೋ ಲೇಖನಮಾಲೆ ಬರೆದರು. ಶಬ್ದದ ಅಲೆ ದ್ರವದ ಸೂಚ್ಯಂಕವನ್ನು ಪಟ್ಟಿ ಪಟ್ಟಿಯಾಗಿ ಬದಲಿಸುತ್ತದೆ. ಅಲ್ಲಿ ಶಬ್ದ ಮಾಡೋ ಕೆಲಸವನ್ನು ಇಲ್ಲಿ ಪಾಲಿಮರ್ ಮಾಡುತ್ತದೆ, ಗಣಿತ ಒಂದೇ ಮನೆತನದ್ದು. ಇವತ್ತಿಗೂ ತೆಳು ಗ್ರೇಟಿಂಗಿಗೆ ರಾಮನ್-ನಾಥ್ ಬಗೆ, ದಪ್ಪ ಗ್ರೇಟಿಂಗಿಗೆ ಬ್ರಾಗ್ ಬಗೆ ಅಂತ ಹೆಸರು.

ಇದು ಗದ್ದಲಕ್ಕೆ ಹೇಗೆ ಸಂಬಂಧ? ಒಂದು ಲೆಕ್ಕ ಮಾಡೋಣ. ತೆಳುವೋ ದಪ್ಪವೋ ತಿಳಿಯೋಕೆ ಕ್ಯೂ ಅನ್ನೋ ಸಂಖ್ಯೆ ಇದೆ. ಎರಡು ಪೈ, ತರಂಗಾಂತರ, ಪದರದ ದಪ್ಪ ಇವನ್ನು ಗುಣಿಸಿ, ಬಂದದ್ದನ್ನು ಸೂಚ್ಯಂಕದಿಂದಲೂ ಪಟ್ಟಿಗಳ ಅಂತರದ ವರ್ಗದಿಂದಲೂ ಭಾಗಿಸಿ. ಉತ್ತರ 1ಕ್ಕಿಂತ ಕಡಿಮೆ ಬಂದರೆ ರಾಮನ್-ನಾಥ್, 10ಕ್ಕಿಂತ ಹೆಚ್ಚು ಬಂದರೆ ಬ್ರಾಗ್. ನಮ್ಮ 100 ಮೈಕ್ರೋಮೀಟರ್ ಪದರದಲ್ಲಿ ಚಿತ್ರದ ಪಟ್ಟಿಗಳ ಅಂತರ 1 ಮೈಕ್ರೋಮೀಟರ್, ಸೂಚ್ಯಂಕ 1.5 ಅಂತಿಟ್ಟುಕೊಳ್ಳಿ. ಕ್ಯೂ ಸುಮಾರು 265. ಅಪ್ಪಟ ಬ್ರಾಗ್. ಕೋನ ಸ್ವಲ್ಪ ತಪ್ಪಿದರೂ ಚಿತ್ರ ಮಾಯ.

ಈಗ ಮುಂದಕ್ಕೇ, ಸುಮಾರು ಎರಡು ಡಿಗ್ರಿಯಷ್ಟು ಮಾತ್ರ ಓರೆಯಾಗಿ ಚದುರಿದ ಬೆಳಕು ಬರೆಯುವ ಕಸದ ಗ್ರೇಟಿಂಗ್ ತಗೊಳ್ಳಿ. ಅದರ ಪಟ್ಟಿಗಳ ಅಂತರ ಸುಮಾರು 20 ಮೈಕ್ರೋಮೀಟರ್. ಅಂತರ 20 ಪಟ್ಟಾದರೆ ಕ್ಯೂ 400 ಪಟ್ಟು ಇಳಿಯುತ್ತದೆ, ಅಂದರೆ 0.66. ಒಂದೇ ಪದರ, ಆದರೆ ಈ ಕಸದ ಪಾಲಿಗೆ ಅದು ತೆಳು ಪದರ! ಹಾಗಾಗಿ ಕೋನ ಬದಲಿಸಿದರೂ ಈ ಮಬ್ಬು ಹೋಗೋದಿಲ್ಲ. ಚಿತ್ರದ ಸುತ್ತ ಪ್ರಭಾವಳಿಯ ಹಾಗೆ ಅಂಟಿಕೊಂಡಿರೋ ಮಬ್ಬು ಯಾಕೆ ಅಷ್ಟು ಮೊಂಡು ಅಂತ ಇದರಿಂದ ತಿಳಿಯುತ್ತದೆ.

ಎರಡನೇ ತುಂಡು ಜಿ.ಎನ್. ರಾಮಚಂದ್ರನ್ ಅವರದು. ಪ್ರೋಟೀನುಗಳ ಕೆಲಸದಿಂದ ಮುಂದೆ ಜಗತ್ತಿಗೆಲ್ಲ ಗೊತ್ತಾದವರು. ಅವರು ಬೆಂಗಳೂರಿನಲ್ಲಿ ತರುಣ ಸಂಶೋಧಕರಾಗಿದ್ದಾಗ, 1943ರಲ್ಲಿ, ಚೆಲ್ಲಾಪಿಲ್ಲಿಯಾಗಿ ಹರಡಿದ ಕಣಗಳಿಂದಾಗುವ ಬೆಳಕಿನ ಪರಿವೇಷದಲ್ಲಿ ತೀವ್ರತೆ ಜಾಗದಿಂದ ಜಾಗಕ್ಕೆ ಹೇಗೆ ಏರಿಳಿಯುತ್ತದೆ ಅಂತ ಅಭ್ಯಾಸ ಮಾಡಿದರು. ಇವತ್ತು ಲೇಸರ್ ಬೆಳಕನ್ನು ಗೋಡೆಗೆ ಬಿಟ್ಟಾಗ ಕಾಣುವ ಸಾಸಿವೆ ಚೆಲ್ಲಿದಂಥ ಚುಕ್ಕೆಗಳು, ಸ್ಪೆಕಲ್ ಅಂತೀವಲ್ಲ, ಅದರ ಸಂಖ್ಯಾಶಾಸ್ತ್ರವೂ ಇದೇ ದಾರಿಯದು. ಮೊದಲ ಲೇಸರ್ ಬಂದದ್ದು 1960ರಲ್ಲಿ.

ಒಂದು ಪಾಲು ಗದ್ದಲ ಎಷ್ಟು ಕೆಡಿಸುತ್ತದೆ?

"ನೂರರಲ್ಲಿ ಒಂದು ಪಾಲು ತಾನೇ, ಹೋಗ್ಲಿ ಬಿಡಿ" ಅನ್ನೋಹಾಗಿಲ್ಲ. ಸಾಮಾನ್ಯ ಬಲ್ಬಿನ ಬೆಳಕಾದರೆ 100ಕ್ಕೆ 1 ಸೇರಿ 101 ಆಗುತ್ತದೆ, ಅಷ್ಟೇ. ಲೇಸರಿನಲ್ಲಿ ಹಾಗಲ್ಲ. ಚಿತ್ರದ ಬೆಳಕೂ ಕಸದ ಬೆಳಕೂ ಅಲೆಗಳಾಗಿ ಕೂಡುತ್ತವೆ. ತೀವ್ರತೆ ನೂರರಲ್ಲಿ ಒಂದಾದರೆ ಅಲೆಯ ಎತ್ತರ ಹತ್ತರಲ್ಲಿ ಒಂದು. ಅಲೆ ಅಲೆಗೆ ಕೂಡಿದ ಕಡೆ 121, ಅಲೆ ಅಲೆಯನ್ನು ಕಳೆದ ಕಡೆ 81. ಸಮನಾಗಿ 100 ಇರಬೇಕಾದ ಜಾಗದಲ್ಲಿ 81ರಿಂದ 121ರವರೆಗೆ ಕುಣಿತ.

ಮಾಹಿತಿ ಸಂಗ್ರಹಕ್ಕೆ ಹೋಲೋಗ್ರಾಂ ಬಳಸೋರಿಗೆ ಇದು ದೊಡ್ಡ ತಲೆನೋವು. ಒಂದೇ ಜಾಗದಲ್ಲಿ ಸಾವಿರ ಪುಟ ಬರೆಯಬಹುದು ಅನ್ನೋದೇ ಅದರ ಆಕರ್ಷಣೆ. ಬೆಲ್ ಲ್ಯಾಬ್ಸ್‌ನಿಂದ ಹೊರಬಂದು 2000ದಲ್ಲಿ ಶುರುವಾದ ಇನ್‌ಫೇಸ್ ಕಂಪನಿ 300 ಗಿಗಾಬೈಟಿನ ಡಿಸ್ಕನ್ನು ಗುರಿಯಾಗಿಟ್ಟುಕೊಂಡಿತ್ತು. 2010ರಲ್ಲಿ ಅದು ಮುಚ್ಚಿತು. ಪುಟಗಳು ಹೆಚ್ಚಾದಂತೆ ಪದರದ ಶಕ್ತಿ ಹಂಚಿಹೋಗುತ್ತದೆ. ಪದರದ ಸಾಮರ್ಥ್ಯ ಹೇಳುವ ಎಂ-ಸಂಖ್ಯೆ ಅಂತ ಒಂದಿದೆ. ಅದನ್ನು ಪುಟಗಳ ಸಂಖ್ಯೆಯಿಂದ ಭಾಗಿಸಿ ವರ್ಗ ಮಾಡಿದರೆ ಒಂದು ಪುಟದ ದಕ್ಷತೆ. ಎಂ-ಸಂಖ್ಯೆ 10, ಪುಟ 1000 ಆದರೆ ಒಂದೊಂದು ಪುಟ ಹಿಂತಿರುಗಿಸೋದು ಬಿದ್ದ ಬೆಳಕಿನ ಹತ್ತು ಸಾವಿರದಲ್ಲಿ 1 ಪಾಲು. ಆಗ ಕ್ಯಾಮೆರಾದತ್ತ ಚದುರಿ ಬರುವ ಬೆಳಕು ಹತ್ತು ಲಕ್ಷದಲ್ಲಿ 1 ಪಾಲಿದ್ದರೂ ಅದು ಚಿತ್ರದ ನೂರರಲ್ಲಿ ಒಂದು ಆಯಿತು. ಅಂದರೆ ಮೇಲೆ ಹೇಳಿದ 81-121ರ ಕುಣಿತ. ಬರಿಗಣ್ಣಿಗೆ ಗಾಜಿನಷ್ಟು ತಿಳಿಯಾಗಿ ಕಾಣುವ ಪದರವೂ ಈ ಪರೀಕ್ಷೆಯಲ್ಲಿ ಫೇಲ್ ಆಗಬಹುದು.

ಕಾರಿನ ಮುಂಗಾಜಿನಲ್ಲಿ ವೇಗ, ದಾರಿ ತೋರಿಸುವ ಹೋಲೋಗ್ರಾಂ ಪದರಗಳ ಮಾತು ಈಗ ಬಹಳ ಕೇಳ್ತೀವಿ. ಮಧುರವಾಡದಿಂದ ಆನಂದಪುರದ ಕಡೆ ಹೈವೇಯಲ್ಲಿ ರಾತ್ರಿ ಹೋಗುವಾಗ ಎದುರಿನ ಲಾರಿಯ ಹೆಡ್‌ಲೈಟ್ ಕೊಳಕು ಗಾಜಿನ ಮೇಲೆ ಹರಡಿದರೆ ಹೇಗಿರುತ್ತದೆ ಗೊತ್ತಲ್ಲ. ಗಾಜನ್ನು ಒರೆಸಬಹುದು. ಪದರದೊಳಗೇ ಇರೋ ಮಬ್ಬನ್ನು ಒರೆಸೋಕೆ ಆಗಲ್ಲ. ಅಲ್ಲಿ ಈ ಅಂಕಿ ರಿಪೋರ್ಟಿನ ಅಂಕಿಯಾಗಿ ಉಳಿಯೋದಿಲ್ಲ, ರಸ್ತೆ ದಾಟುತ್ತಿರೋ ಮನುಷ್ಯ ಕಾಣ್ತಾನೋ ಇಲ್ಲವೋ ಅನ್ನೋ ಪ್ರಶ್ನೆಯಾಗುತ್ತದೆ.

ಯಾವ ಬಗೆ ಅಂತ ಕಂಡುಹಿಡಿಯೋದು ಹೇಗೆ?

ದುಬಾರಿ ಉಪಕರಣ ಬೇಡ. ಲೇಸರ್, ಪವರ್ ಮೀಟರ್, ತಿರುಗುವ ಸ್ಟ್ಯಾಂಡ್ ಸಾಕು. ಲೇಸರಿನತ್ತ ನೇರ ನೋಡಬೇಡಿ, ಅದನ್ನು ಬೇರೆ ಹೇಳಬೇಕಿಲ್ಲ.

ಒಂದು. ಬರೆಯದ ಪದರದ ಚದುರುವಿಕೆಯನ್ನು ಮೊದಲೇ ಅಳೆದು ಬರೆದಿಟ್ಟುಕೊಳ್ಳಿ. ಬಣ್ಣ ಹೀರದ ತರಂಗಾಂತರದಲ್ಲಿ ಅಳೆಯಿರಿ, ಇಲ್ಲದಿದ್ದರೆ ಅಳೆಯುವ ಬೆಳಕೇ ಬರೆಯೋಕೆ ಶುರು ಮಾಡುತ್ತದೆ.

ಎರಡು. ಒಂದೇ ಕಿರಣ ಬಿಡಿ. ಒಂದೇ ಕಿರಣಕ್ಕೆ ಚಿತ್ರ ಬರೆಯೋಕೆ ಆಗಲ್ಲ. ಆದರೂ ಹೊತ್ತು ಕಳೆದಂತೆ ಚದುರುವಿಕೆ ಏರುತ್ತಾ ಹೋದರೆ, ಕಸದ ಗ್ರೇಟಿಂಗ್ ಬೆಳೀತಿದೆ ಅನ್ನೋ ಅನುಮಾನ ಬಲವಾಗುತ್ತದೆ.

ಮೂರು. ಬರೆದ ಮೇಲೆ ಪದರವನ್ನು ನಾಲ್ಕೈದು ಡಿಗ್ರಿ ತಿರುಗಿಸಿ. ದೊಡ್ಡ ಕೋನಕ್ಕೆ ಚದುರಿದ ಬೆಳಕು ತಟ್ಟನೆ ಇಳಿದರೆ, ಅಥವಾ ಉಂಗುರವಾಗಿ ಕಂಡರೆ, ಅದು ಕಲಿತ ಗದ್ದಲ. ಏನೂ ಬದಲಾಗದಿದ್ದರೆ ಹುಟ್ಟಿನದು, ಇಲ್ಲವೇ ಮೇಲೆ ಹೇಳಿದ ಸಣ್ಣ ಕೋನದ ಮೊಂಡು ಬಗೆ.

ನಾಲ್ಕು. ಪದರದ ಮೇಲೆ ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್ ಹಾಕಿ ತೆಳು ಗಾಜು ಮುಚ್ಚಿ. ಮಬ್ಬು ಕಡಿಮೆಯಾದರೆ ತಪ್ಪು ಮೇಲ್ಮೈಯದು, ಒಳಗಿನದಲ್ಲ. ನೀರು ಮಾತ್ರ ಹಾಕಬೇಡಿ, ಪದರವೇ ಕರಗುತ್ತದೆ.

ಮದ್ದು

ಹುಟ್ಟಿನ ಗದ್ದಲಕ್ಕೆ ಮದ್ದು ಅಡುಗೆಮನೆಯ ಶಿಸ್ತಿನದು. ಅಂಟನ್ನು ಪೂರ್ತಿ ಕರಗಿಸಿ, ಸೋಸಿ, ಗುಳ್ಳೆ ಏಳೋವರೆಗೆ ಬಿಡಿ. ಗಾಜು ಚೊಕ್ಕವಿರಲಿ. ಒಣಗಿಸೋ ಜಾಗದ ತೇವ ಅಳೆಯಿರಿ. ನಮ್ಮ ಈ ಕಡಲತೀರದ ಹವೆಯಲ್ಲಿ ಪದರ ಬೇಗ ಒಣಗೋದೇ ಇಲ್ಲ. ಅದೇ ಸೂತ್ರ ಹಿಡಿದು ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಮಾಡಿದರೆ ಅತಿಯಾಗಿ ಒಣಗುತ್ತದೆ. ಪುಸ್ತಕದಲ್ಲಿ "24 ಗಂಟೆ ಒಣಗಿಸಿ" ಅಂತಿದ್ದರೆ ಎಲ್ಲಿ, ಎಷ್ಟು ತೇವದಲ್ಲಿ ಅಂತ ಕೇಳಿಕೊಳ್ಳಿ.

ಕಲಿತ ಗದ್ದಲಕ್ಕೆ ಮದ್ದು ಬೇರೆ. ಬೇಕಾದಷ್ಟೇ ಹೊತ್ತು ಬರೆಯಿರಿ. ಚಿತ್ರ ತುಂಬಿದ ಮೇಲೂ ಕಸ ಬೆಳೀತಾನೇ ಇರುತ್ತದೆ. ಪದರದೊಳಗಿನ ಆಮ್ಲಜನಕ ಮೊದಲಲ್ಲಿ ಕ್ರಿಯೆಯನ್ನು ತಡೆಯುತ್ತದೆ, ಅದನ್ನು ಲೇಸರಿನಿಂದ ಖರ್ಚು ಮಾಡಿಸೋ ಬದಲು ಎಲ್‌ಇಡಿಯಂಥ ಬಿಡಿ ಬೆಳಕಿನಿಂದ ಮಾಡಿಸಿ. ಅದು ಪಟ್ಟಿ ಬರೆಯೋದಿಲ್ಲ. ಬರೆದು ಮುಗಿದ ಕೂಡಲೇ ಉಳಿದ ಮಾನೋಮರನ್ನೂ ಅಂಥದೇ ಸಮನಾದ ಬೆಳಕಿನಿಂದ ಮುಗಿಸಿಬಿಡಿ. ಇಲ್ಲದಿದ್ದರೆ ನೀವು ಓದೋಕೆ ಬಿಟ್ಟ ಲೇಸರ್ರೇ ಮತ್ತೆ ಕಸ ಬರೆಯುತ್ತದೆ. ದಪ್ಪ ಹೆಚ್ಚಿಸಿದರೆ ಕಡಿಮೆ ಏರಿಳಿತದಲ್ಲೇ ದಕ್ಷತೆ ಸಿಗುತ್ತದೆ ನಿಜ, ಆದರೆ ದಪ್ಪದ ಜೊತೆ ಹುಟ್ಟಿನ ಚದುರುವಿಕೆಯೂ ಏರುತ್ತದೆ, ಕಸ ಬೆಳೆಯೋಕೆ ದೂರವೂ ಸಿಗುತ್ತದೆ.

ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತಗೋಬೇಡಿ. ಅಕ್ರಿಲಮೈಡ್ ನರಗಳಿಗೆ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದು ಅನ್ನೋ ಗುಂಪಿನಲ್ಲಿ ಇಟ್ಟಿದೆ. ಕೈಗವಸು ಇಲ್ಲದೆ ಮುಟ್ಟಬೇಡಿ, ಪುಡಿ ತೂಗುವಾಗ ಹುಡ್ ಒಳಗೇ ತೂಗಿ.

90 ಅಂತ ಬರೆಯಬಹುದಾ?

ಈಗ ಆ ಹುಡುಗಿಯ ಪ್ರಶ್ನೆಗೆ ಬರ್ತೀನಿ. ಒಂದು ಕಲ್ಪಿತ ಲೆಕ್ಕ. ಪದರದ ಮೇಲೆ 100 ಪಾಲು ಬೆಳಕು ಬಿತ್ತು. ಗಾಜಿನ ಎರಡು ಮುಖಗಳಿಂದ 8 ಪಾಲು ಹಿಂದಕ್ಕೆ ಹೋಯಿತು. ಉಳಿದ ಬಣ್ಣ 6 ಹೀರಿತು. 16 ಚದುರಿತು. 63 ಚಿತ್ರದ ದಿಕ್ಕಿಗೆ ಹೋಯಿತು. 7 ನೇರ ದಾಟಿತು.

ದಕ್ಷತೆ ಎಷ್ಟು? ಬಹಳ ಕಡೆ ಬಳಸೋ ಲೆಕ್ಕ ಹೀಗಿದೆ: ಚಿತ್ರಕ್ಕೆ ಹೋದದ್ದನ್ನು, ಚಿತ್ರಕ್ಕೆ ಹೋದದ್ದು ಮತ್ತು ನೇರ ದಾಟಿದ್ದು ಎರಡರ ಮೊತ್ತದಿಂದ ಭಾಗಿಸೋದು. 63ನ್ನು 70ರಿಂದ ಭಾಗಿಸಿದರೆ 90%. ಇದು ಸುಳ್ಳಲ್ಲ. ಗ್ರೇಟಿಂಗ್ ಎಷ್ಟು ಬಲವಾಗಿದೆ, ಸೂಚ್ಯಂಕದ ಏರಿಳಿತ ಎಷ್ಟು ಅಂತ ತಿಳಿಯೋಕೆ ಇದೇ ಸರಿಯಾದ ಲೆಕ್ಕ. ಆದರೆ ಗಮನಿಸಿ, ಚದುರಿದ 16 ಪಾಲು ಈ ಲೆಕ್ಕದೊಳಗೆ ಎಲ್ಲೂ ಇಲ್ಲ. ಅದು 16ರ ಬದಲು 40 ಆಗಿ, ಉಳಿದೆರಡೂ ಅದೇ ಅನುಪಾತದಲ್ಲಿ ಇಳಿದರೂ ಉತ್ತರ 90 ಅಂತಲೇ ಬರುತ್ತದೆ. ಬಿದ್ದ ಬೆಳಕಿನ ಲೆಕ್ಕದಲ್ಲಿ ಅವಳ ದಕ್ಷತೆ 63%.

ನನ್ನ ಉತ್ತರ ಇಷ್ಟೇ. ಎರಡೂ ಬರೆಯಿರಿ. "ಗ್ರೇಟಿಂಗಿನ ಒಳ ದಕ್ಷತೆ 90%, ಬಿದ್ದ ಬೆಳಕಿನ ಲೆಕ್ಕದಲ್ಲಿ 63%, ಚದುರಿದ್ದು 16%." ಮೂರು ಅಂಕಿ, ಒಂದು ಸಾಲು. 90 ಒಂದನ್ನೇ ಬರೆದರೆ ಓದಿದವರು ಸಂತೋಷಪಡ್ತಾರೆ, ಆದರೆ ನಿಮ್ಮ ಹಿಂದೆ ಬರೋ ಇನ್ನೊಬ್ಬ ವಿದ್ಯಾರ್ಥಿ ಅದೇ ಸೂತ್ರ ಹಿಡಿದು ಮಬ್ಬು ಫಿಲ್ಮಿನ ಮುಂದೆ ಆರು ತಿಂಗಳು ಕೂರಬೇಕಾಗುತ್ತದೆ. 16 ಅಂತ ಬರೆದಿದ್ದರೆ ಅವನು ಮೊದಲ ದಿನವೇ ಸೋಸೋ ಬಟ್ಟೆ ಬದಲಿಸ್ತಾನೆ. ಪರೀಕ್ಷಕರು "ಇಷ್ಟು ಯಾಕೆ ಚದುರಿತು?" ಅಂತ ಕೇಳಿದರೆ ಹೆದರಬೇಕಿಲ್ಲ. ಮೇಲಿನ ನಾಲ್ಕು ಪರೀಕ್ಷೆ ಮಾಡಿ, ಯಾವ ಬಗೆ ಅಂತ ಹೇಳಿದರೆ, ಪ್ರಾಜೆಕ್ಟಿನ ಗಟ್ಟಿ ಅಧ್ಯಾಯ ಅದೇ ಆಗುತ್ತದೆ. ಸಮುದ್ರ ಯಾಕೆ ನೀಲಿ ಅಂತ 1921ರ ಹಡಗು ಪ್ರಯಾಣದಲ್ಲಿ ರಾಮನ್ ಕೇಳಿಕೊಂಡದ್ದೂ ಚದುರಿದ ಬೆಳಕಿನ ಬಗ್ಗೆಯೇ. ಆ ದಾರಿ ಹಿಡಿದೇ 1928ರ ರಾಮನ್ ಪರಿಣಾಮಕ್ಕೆ ತಲುಪಿದರು.

ಮುಂದಿನ ಮಾತಿನಲ್ಲಿ ಪದರ ಕುಗ್ಗೋದರ ಬಗ್ಗೆ ನೋಡೋಣ. ಬರೆದ ಕೋನ ಒಂದು, ಚಿತ್ರ ಕಾಣೋ ಕೋನ ಇನ್ನೊಂದು ಯಾಕೆ ಆಗುತ್ತದೆ ಅಂತ. ನಿಮ್ಮ ಪದರದಲ್ಲಿ ಉಂಗುರ ಕಂಡಿದ್ದರೆ ದಪ್ಪ, ತರಂಗಾಂತರ, ಎಷ್ಟು ಹೊತ್ತು ಬರೆದಿರಿ ಅನ್ನೋದರ ಜೊತೆ ವಿಡಿಯೋದ ಕೆಳಗೆ ಬರೆಯಿರಿ. ಬರೀ "ಮಬ್ಬಾಗಿದೆ ಸರ್" ಅಂತ ಬರೆದರೆ ನಾನೂ ಏನೂ ಹೇಳೋಕೆ ಆಗಲ್ಲ.